ಹಳೆಯ ಕೇಬಲಿನ ಹಿಡಿತ

ಫೆಬ್ರವರಿ 9. ಸಂಜೆ.

ನೆರೆದ ಬಂಧುಗಳಿಗೂ ನೆರೆಹೊರೆಯವರಿಗೂ ವಂದನೆ. ಬಂದಿರಿ, ಕುಳಿತಿರಿ, ಕುರ್ಚಿ ಸಾಲದಾದಾಗ ನಿಮ್ಮ ಮನೆಯಿಂದಲೇ ತಂದಿರಿ, ಕುಡಿದ ಲೋಟಗಳನ್ನು ನೀವೇ ತೊಳೆದು ಬೋರಲು ಹಾಕಿದಿರಿ. ಇದಕ್ಕೆಲ್ಲ ಋಣಿ. ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಸಂತಾಪ ಸಲ್ಲುವುದು ಮುಗಿದ ವಿಷಯಕ್ಕೆ. ನಮ್ಮದು ಮುಗಿದಿಲ್ಲ. ಮಗ ಸತ್ತಿದ್ದಾನೆ, ಮನೆಗೆ ಬಂದಿಲ್ಲ.

— ಹೀಗೆಂದು ಕೆಳಗೆ ಹೇಳಬೇಕಿತ್ತು. ಹೇಳಲಿಲ್ಲ. ಕೈ ಮುಗಿದೆ, ಮೆಟ್ಟಿಲು ಹತ್ತಿದೆ, ಬಾಗಿಲು ಹಾಕಿಕೊಂಡೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದ ಬಾಯಿ ಈಗ ಕಾಗದದ ಮೇಲೆ ಮಾತ್ರ ತೆರೆಯುತ್ತದೆ.

ಕೆಳಗೆ ಇನ್ನೂ ಗುಜುಗುಜು. ಯಾರೋ ನಕ್ಕರು, ಯಾರೋ ಶ್ ಎಂದರು. ನಗಲಿ ಪಾಪ. ಎಷ್ಟು ಹೊತ್ತೆಂದು ಮುಖ ಇಳಿಬಿಟ್ಟುಕೊಂಡು ಕೂರುತ್ತಾರೆ.

ಫೆಬ್ರವರಿ 10.

ಸಂಶೋಧನಾ ಕೇಂದ್ರದ ನಿರ್ದೇಶಕರು ಬಂದಿದ್ದರು. ಮಗ ಆ ಕೇಂದ್ರದ ಒಂಟಿ ಆಸನದ ಜಲಾಂತರ್ವಾಹನದ ಪೈಲಟ್. ಕಡಲ ತಳದಲ್ಲೊಂದು ಬೆಟ್ಟ, ಮೂರು ಸಾವಿರ ಮೀಟರ್ ಆಳದಲ್ಲಿ ಅದರ ಇಳಿಜಾರು, ಅಲ್ಲಿ ಹವಳದ ಮಾದರಿ ತೆಗೆಯುವ ಕೆಲಸ. ಹೂಳಿನಲ್ಲಿ ಅರ್ಧ ಮುಚ್ಚಿದ್ದ ಹಳೆಯ ಟೆಲಿಗ್ರಾಫ್ ಕೇಬಲ್ ವಾಹನದ ಚೌಕಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಲು ಎಳೆದಷ್ಟೂ ಬಿಗಿಯಿತು. ಒಳಗೆ ಮೂರು ದಿನದ ಗಾಳಿ ಇತ್ತು. ಅದು ತೀರಿತು.

ನಿರ್ದೇಶಕರು ಫೋಟೋ ತೋರಿಸಿದರು. ರೋಬೋ ಕಳಿಸಿದ್ದರಂತೆ, ಅದರ ತಂತಿಯೂ ಅಲ್ಲೇ ತೊಡರಿ, ಕತ್ತರಿಸಿ ಬಿಡಬೇಕಾಯಿತಂತೆ. ಅದಕ್ಕೆ ಮೊದಲು ತೆಗೆದ ಚಿತ್ರ. ಬಂಡೆಯ ಅಂಚು. ಅಂಚಿನಲ್ಲಿ ಗೋಳ, ವಾಹನದಲ್ಲಿ ಮಗ ಕುಳಿತಿದ್ದ ಭಾಗ. ಅದರ ಮೇಲೆ ಕೇಬಲ್, ಹೆಗಲಿಗೆ ಹಾಕಿದ ಟವೆಲಿನಂತೆ. ಆಚೆಗೆ ಕಪ್ಪು. ಆ ಕಪ್ಪಿಗೆ ತಳ ಇನ್ನೂ ಬಹಳ ಕೆಳಗೆ.

ಇವಳು, ನನ್ನ ಹೆಂಡತಿ, ಚಿತ್ರ ನೋಡಲಿಲ್ಲ. ಕೇಳಿದ್ದು ಒಂದೇ:

“ಅಲ್ಲಿ ಎಷ್ಟು ಚಳಿ ಇರುತ್ತೆ?”

“ಎರಡು ಡಿಗ್ರಿ ಇರಬಹುದು, ಅಮ್ಮಾ.”

“ಅವನಿಗೆ ಚಳಿ ಆಗಲ್ಲ ಅಂತ ಮಾತ್ರ ಹೇಳಬೇಡಿ.”

ಅವರು ತಲೆ ತಗ್ಗಿಸಿ ವಿಷಯಕ್ಕೆ ಬಂದರು. ಕೇಂದ್ರದಲ್ಲಿ ಅದೇ ಬಗೆಯ ಇನ್ನೊಂದು ವಾಹನ ಇದೆ. ಅದರ ಪೈಲಟ್ ಇಳಿದು, ಕೇಬಲ್ ಕತ್ತರಿಸಿ, ಗೋಳಕ್ಕೆ ಕೊಂಡಿ ಹಾಕಿ ಬರಬಹುದು. ಮೇಲಿಂದ ಹಡಗು ಎತ್ತಿಕೊಳ್ಳುತ್ತದೆ. ತಿಂಗಳ ಕೊನೆಯವರೆಗೆ ಮಾತ್ರ ಕಡಲು ಶಾಂತ. ಮಗ ಮದುವೆಯಾಗಿರಲಿಲ್ಲವಾದ್ದರಿಂದ ತಂದೆಯ ಒಪ್ಪಿಗೆ ಬೇಕು.

ಪೈಲಟ್ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಕಪ್ಪೆ. ಮಗನ ಗೆಳೆಯ, ನೀರಿನಲ್ಲೂ ನೆಲದಲ್ಲೂ ಬದುಕುವವನೆಂದು ಮಗನೇ ಇಟ್ಟ ಹೆಸರು. ನಮ್ಮ ಮನೆಯ ಫ್ರಿಜ್ಜನ್ನು ಕೇಳದೆ ತೆರೆಯುವ ಏಕೈಕ ಹೊರಗಿನವ.

“ಯೋಚಿಸಿ ಹೇಳುತ್ತೇನೆ” ಎಂದೆ.

ಇವಳು ನನ್ನತ್ತ ತಿರುಗಿದಳು. “ಏನು ಯೋಚನೆ?”

ಫೆಬ್ರವರಿ 12. ಮಧ್ಯಾಹ್ನ.

ನಕ್ಷಾ ಕಚೇರಿಯಲ್ಲಿ ದುಡಿದ ಕಾಲದ ಹಳೆಯ ಹಾಳೆಯನ್ನು ಅಟ್ಟದಿಂದ ಇಳಿಸಿ ಮೇಜಿನ ಮೇಲೆ ಹರಡಿದೆ. ಕಡಲ ನಕ್ಷೆ. ನಾಲ್ಕು ಮೂಲೆಗೂ ಲೋಟ ಇಟ್ಟೆ; ಇಲ್ಲವಾದರೆ ಸುರುಳಿಯಾಗುತ್ತದೆ.

ಕೇಬಲ್ ಇದರಲ್ಲಿದೆ. ನೇರಳೆ ಬಣ್ಣದ ಅಲೆಅಲೆಯ ಗೆರೆ, ಬೆಟ್ಟದ ಹೆಗಲ ಮೇಲೆ ಹಾದು ಆಚೆಗೆ. ಈಗಿನ ನಕ್ಷೆಯಲ್ಲಿಲ್ಲ. ಬಳಕೆ ನಿಂತ ಕೇಬಲ್‌ಗಳನ್ನೆಲ್ಲ ತೆಗೆದುಹಾಕಿದ್ದಾರೆ. ಹಾಳೆ ಗಿಜಿಗುಟ್ಟಬಾರದು, ಕಣ್ಣಿಗೆ ಸ್ವಚ್ಛವಾಗಿ ಕಾಣಬೇಕು. ನಾನು ನಿವೃತ್ತನಾದ ನಂತರದ ತೀರ್ಮಾನ. ಟೆಲಿಗ್ರಾಫ್ ಸತ್ತಿತು, ಗೆರೆಯೂ ಸಾಯಲಿ ಎಂದುಕೊಂಡರು. ತಂತಿ ಮಾತ್ರ ಅಲ್ಲೇ ಇತ್ತು.

ಭಾವಮೈದ ಬಗ್ಗಿ ನೋಡಿದ. “ಭಾವ, ಇದು ಸಾಕ್ಷಿ! ಕೇಸ್ ಹಾಕಿ. ನೀವು ಕೋರ್ಟಲ್ಲಿ ಬಾಯಿ ತೆಗೆದ್ರೆ ಜಡ್ಜೇ ಎದ್ದು ನಿಂತ್ಕೋತಾರೆ.”

“ಕೇಸ್ ಹಾಕಿದರೆ ಕೇಬಲ್ ಸಡಿಲವಾಗುತ್ತದೆಯೇ?”

“ಹಾಗಲ್ಲ...”

“ಹೇಗೆ?”

“ನಿಮ್ಮ ಜೊತೆ ಮಾತಾಡೋದು ಒಂದೇ, ಗೋಡೆಗೆ ಹಣೆ ಚಚ್ಕೊಳ್ಳೋದು ಒಂದೇ. ಗೋಡೆ ಆದ್ರೂ ತಿರುಗಿ ಪ್ರಶ್ನೆ ಕೇಳಲ್ಲ.” ಎದ್ದು ಹೋದ. ಹೋಗುವಾಗ ಹೆಗಲು ಮುಟ್ಟಿದ. ಒಳ್ಳೆಯವನು. ನನಗೆ ಅವನನ್ನು ಕಂಡರಾಗುವುದಿಲ್ಲ, ಅಷ್ಟೇ.

ಹಾಳೆಯ ಅಂಚಿನಲ್ಲಿ ಕೆಲವು ಅಂಕಿಗಳ ತಲೆಯ ಮೇಲೆ ಅಡ್ಡಗೆರೆ, ಗೆರೆಯ ಮೇಲೆ ಚುಕ್ಕೆ. ಇಷ್ಟು ಆಳದವರೆಗೆ ಹಗ್ಗ ಬಿಟ್ಟೆವು, ತಳ ಸಿಗಲಿಲ್ಲ ಎಂಬುದರ ಗುರುತು. ಹಿಂದಿನವರು ಸೀಸದ ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿ ಇಳಿಬಿಡುತ್ತಿದ್ದರು. ತಳಕ್ಕೆ ತಾಗಿದರೆ ಮರಳೋ ಕೆಸರೋ ಅಂಟಿ ಬರುತ್ತಿತ್ತು. ಏನೂ ಅಂಟದೆ ಬಂದರೆ ಈ ಚುಕ್ಕೆ. ಮುಚ್ಚುಮರೆಯಿಲ್ಲದ ಲೆಕ್ಕ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಅಚ್ಚು ಹಾಕುವುದು.

ಗೋಳದ ಆಚೆಯ ಕಪ್ಪಿನಲ್ಲಿ ಅಂಥ ಚುಕ್ಕೆಗಳೇ.

ಫೆಬ್ರವರಿ 15.

ಬಂದರಿನ ವರ್ಕ್‌ಶಾಪಿಗೆ ಹೋಗಿದ್ದೆ. ತಗಡಿನ ಛಾವಣಿ, ಕೆಳಗೆ ಹಳದಿ ವಾಹನ. ಕಪ್ಪೆ ಮುಚ್ಚಳದ ರಬ್ಬರ್ ಬಳೆಗೆ ಗ್ರೀಸ್ ಸವರುತ್ತಿದ್ದ. ನನ್ನನ್ನು ಕಂಡು ಕೈ ಪ್ಯಾಂಟಿಗೆ ಒರೆಸಿಕೊಂಡ.

“ಅಂಕಲ್, ಬನ್ನಿ. ಕೂತ್ಕೊಳ್ಳಿ. ಅಲ್ಲಿ ಬೇಡ, ಆಯಿಲ್ ಇದೆ.”

“ಇಳಿಯುತ್ತೀಯಂತೆ.”

“ಹೂಂ. ನೀವು ಸೈನ್ ಹಾಕಿದ ಮಾರನೇ ದಿನ.”

“ಅಪಾಯ ಎಷ್ಟು?”

“ಏನಿಲ್ಲ ಅಂಕಲ್. ಹೋಗೋದು, ಕಟ್ ಮಾಡೋದು, ಬರೋದು.”

“ಅವನೂ ಹಾಗೇ ಅಂದುಕೊಂಡಿದ್ದ.”

ಮುಚ್ಚಳದತ್ತ ತಿರುಗಿದ. ನಾನು ಬಿಡಲಿಲ್ಲ, ಅಭ್ಯಾಸಬಲ. ಒಂದೊಂದೇ ಕೇಳಿದೆ. ಕತ್ತರಿಸುವ ಯಾಂತ್ರಿಕ ಕೈ ಎಷ್ಟು ಉದ್ದ? ಅಂದರೆ ಕೇಬಲಿಗೆ ತಾಗುವಷ್ಟು ಹತ್ತಿರ ಹೋಗಬೇಕು? ರೋಬೋ ಬಿಟ್ಟುಬಂದ ತಂತಿ ಎಲ್ಲಿ ತೇಲುತ್ತಿದೆ? ಗೊತ್ತಿಲ್ಲ. ಕೇಬಲ್ ಕತ್ತರಿಸಿದಾಗ ತುದಿ ಎತ್ತ ಸಿಡಿಯುತ್ತದೆ? ಗೊತ್ತಿಲ್ಲ. ನೀನೂ ಸಿಕ್ಕಿಕೊಂಡರೆ ಮೂರನೆಯ ವಾಹನ ಎಲ್ಲಿದೆ?

“ಮೂರನೇದು ಇಲ್ಲ ಅಂಕಲ್.”

“ಹಾಗಿದ್ದರೂ ಹೋಗುವುದೇಕೆ?”

ಆಗ ಬಾಯಿಬಿಟ್ಟ. ಮಗ ಸಿಕ್ಕಿಬಿದ್ದ ದಿನ ಈ ಎರಡನೆಯ ವಾಹನ ಸರ್ವಿಸ್‌ಗೆಂದು ಬಿಚ್ಚಿ ನೆಲದ ಮೇಲೆ ಹರಡಿತ್ತು. ಕಪ್ಪೆ ಊಟ ನಿದ್ದೆ ಬಿಟ್ಟು ಜೋಡಿಸಿದ. ಹಡಗಿಗೇರಿಸಿ ಆ ಜಾಗ ಮುಟ್ಟುವ ಹೊತ್ತಿಗೆ ಕೆಳಗಿನ ದನಿ ನಿಂತಿತ್ತು.

“ಒಂದು ಬೋಲ್ಟ್ ಸಿಕ್ಕಿರ್ಲಿಲ್ಲ. ಹುಡುಕ್ತಾ ಕೂತೆ. ಬೆಂಚಿನ ಕೆಳಗೇ ಇತ್ತು.” ನಕ್ಕ ಹಾಗೆ ಮಾಡಿದ. “ಕೆಳಗಿಂದ ಹಡಗಿನ ಮೂಲಕ ಫೋನಲ್ಲಿ ಬೈತಿದ್ದ. ಲೋ ಕಪ್ಪೆ, ನೀನು ಬರೋಷ್ಟರಲ್ಲಿ ನನಗೆ ಗಡ್ಡ ಬೆಳೆದಿರುತ್ತೆ ಕಣೋ ಅಂತ.”

“ಕೆಳಗಿರುವವನು ನೀನಾಗಿದ್ದು, ಅವನು ಇಳಿಯುತ್ತೇನೆಂದಿದ್ದರೆ?”

“ಬಾಯಿಗೆ ಬಂದ ಹಾಗೆ ಬೈದು ಬೇಡ ಅಂತಿದ್ದೆ. ಅವನು ಕೇಳ್ತಿರ್ಲಿಲ್ಲ.” ಮತ್ತೆ ಗ್ರೀಸ್ ಕೈಗೆತ್ತಿಕೊಂಡ. “ಸೈನ್ ಹಾಕಿ ಅಂಕಲ್. ನನಗೆ ಇದು ಬೇಕು.”

ಇದು ಒಪ್ಪಿಗೆಯಲ್ಲ. ತಾನೇ ತನಗೆ ವಿಧಿಸಿಕೊಂಡ ಶಿಕ್ಷೆ. ನಾನು ಸಹಿ ಹಾಕಿದರೆ ಜಾರಿ ಮಾಡಿದವನು ನಾನು.

ಫೆಬ್ರವರಿ 16.

ಇವಳು ಬೀರುವಿನಿಂದ ದಪ್ಪ ಕಂಬಳಿ ತೆಗೆದು ಬಿಸಿಲಿಗೆ ಹಾಕಿದಳು. ಸಂಜೆ ಮಡಿಚಿ ಚೀಲಕ್ಕೆ ತುಂಬಿದಳು. ಕಪ್ಪೆಗೆ ಕೊಡಲು.

“ಹಡಗಿನ ಮೇಲೆ ಮುಚ್ಚಳ ತೆಗೆದ ತಕ್ಷಣ ಹೊದಿಸು ಅಂತ ಹೇಳ್ತೀನಿ. ಬೇರೆಯವರು ನೋಡೋಕೆ ಮುಂಚೆ.”

ಇದೇ ಸಮಯವೆಂದು ಶುರು ಮಾಡಿದೆ. “ನೋಡು, ಇದರಲ್ಲಿ ಎರಡು ಪಕ್ಷಗಳಿವೆ...”

“ಪಕ್ಷ ಬೇಡ. ವಾದ ಬೇಡ. ಗೆದ್ದು ಗೆದ್ದು ನಿಮಗೆ ಸಾಕಾಗಿಲ್ವಾ? ನನಗೆ ನನ್ನ ಮಗ ಬೇಕು.”

“ಕಪ್ಪೆಯೂ ಒಬ್ಬ ತಾಯಿಯ...”

“ಗೊತ್ತು.” ಚೀಲದ ಜಿಪ್ಪು ಎಳೆದಳು. ಸಿಕ್ಕಿಕೊಂಡಿತು. ಮತ್ತೆ ಎಳೆದಳು. “ಗೊತ್ತಿದ್ದೂ ಕೇಳ್ತಿದೀನಿ. ನನ್ನನ್ನ ಕೆಟ್ಟವಳು ಅನ್ನಿ ಬೇಕಾದ್ರೆ.”

ಎದುರಾಳಿಯ ವಾದವನ್ನು ಹಿಂದಕ್ಕೂ ಮುಂದಕ್ಕೂ ಕೆಡವಬಲ್ಲೆ. ಎದುರಾಳಿ ತಪ್ಪನ್ನು ಮೊದಲೇ ಒಪ್ಪಿಕೊಂಡು ನಿಂತರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಮುಂದಿನ ಬಾಗಿಲಲ್ಲಿ ನೆರೆಯವರು. ಹಿಂದಿನ ಬಾಗಿಲಲ್ಲಿ ಭಾವಮೈದ ಫೋನಿನಲ್ಲಿ. ನಡುಮನೆಯಲ್ಲಿ ಚೀಲ. ಈ ಕೋಣೆ ಬಿಟ್ಟರೆ ಕೂರಲು ಜಾಗವಿಲ್ಲ. ಈ ಕೋಣೆಯಲ್ಲೂ ಮೇಜಿನ ತುಂಬ ಆ ನಕ್ಷೆ.

ಫೆಬ್ರವರಿ 21.

ಬರೆಯಲಾಗಲಿಲ್ಲ. ನಿರ್ದೇಶಕರ ಫೋನ್, ದಿನಕ್ಕೆರಡು ಸಲ. ಗಾಳಿ ಈ ವಾರವೇ ಏಳಬಹುದಂತೆ. ಎತ್ತಿಕೊಳ್ಳುತ್ತೇನೆ, “ನಾಳೆ” ಎನ್ನುತ್ತೇನೆ, ಇಡುತ್ತೇನೆ. ಇವಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ.

ಇಂದು ಆ ಗೆರೆಯನ್ನೇ ನೋಡುತ್ತ ಕುಳಿತಿದ್ದಾಗ ಹಳೆಯದೊಂದು ಸಂಗತಿ ನೆನಪಾಯಿತು. ಮಗ ಹೈಸ್ಕೂಲಿನಲ್ಲಿದ್ದಾಗ ನಾನೇ ಹೇಳಿದ್ದು. ಒಂದು ಕಾಲಕ್ಕೆ ದೊಡ್ಡ ವಿದ್ವಾಂಸರು ನಂಬಿದ್ದರು — ಕಡಲಿನ ತೀರ ಆಳದಲ್ಲಿ ಜೀವವೇ ಇಲ್ಲವೆಂದು. ಕತ್ತಲೆ, ಚಳಿ, ಒತ್ತಡ. ಏನು ತಾನೇ ಬದುಕೀತು? ಆಮೇಲೆ ಎಲ್ಲೋ ಒಂದು ಟೆಲಿಗ್ರಾಫ್ ಕೇಬಲ್ ಕೆಟ್ಟಿತು. ರಿಪೇರಿಗೆಂದು ಎರಡು ಸಾವಿರ ಮೀಟರ್ ಆಳದಿಂದ ಮೇಲೆತ್ತಿದರೆ ಅದರ ಮೈಗೆ ಹವಳ ಅಂಟಿ ಬೆಳೆದಿತ್ತು. ಜೀವಂತ ಹವಳ. ವಿದ್ವಾಂಸರ ಬಾಯಿ ಬಂದ್.

ಆ ಕಥೆ ಕೇಳಿ ಮಗ “ಇನ್ನೊಂದು ಸಲ ಹೇಳಪ್ಪಾ” ಎಂದಿದ್ದ. ಬದುಕಿಡೀ ಅದನ್ನೇ ಓದಿದ.

ಆದರೆ ಇಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಹವಳವಲ್ಲ. *ಮೇಲೆತ್ತಿದರೆ.* ಆ ಕಾಲದಲ್ಲಿ ಯಾರು ಇಳಿದು ಎತ್ತಿದರು? ಯಾರೂ ಇಳಿಯಲಿಲ್ಲ. ಹಡಗಿನಿಂದ ಉದ್ದನೆಯ ಹಗ್ಗಕ್ಕೆ ಕೊಕ್ಕೆ ಕಟ್ಟಿ, ತಳದಲ್ಲಿ ಕುರುಡಾಗಿ ಎಳೆದು, ಸಿಕ್ಕಿದಾಗ ಸುತ್ತಿಕೊಂಡರು. ಅಷ್ಟೇ.

ಬಟ್ಟೆ ಬದಲಿಸಿ ಬಂದರಿಗೆ ಹೋದೆ.

ಅದೇ ದಿನ, ಸಂಜೆ.

ಕೇಬಲ್ ರಿಪೇರಿ ಹಡಗೊಂದು ಕಟ್ಟಿ ನಿಂತಿದೆ. ಅದರ ಕ್ಯಾಪ್ಟನ್ ನನ್ನ ನಕ್ಷೆಯ ಮೇಲೆ ಬೆರಳಾಡಿಸಿದರು. ಇಂದಿಗೂ ಕೊಕ್ಕೆಯಿಂದಲೇ ಎತ್ತುತ್ತಾರಂತೆ.

“ಎರಡು ಕಡೆ ಹಿಡೀಬಹುದು ಸರ್. ಗೋಳದ ಆ ಕಡೆ, ಈ ಕಡೆ. ನಿಧಾನವಾಗಿ ಎತ್ತಿದ್ರೆ ಕೇಬಲ್ ಜೊತೆಗೇ ಗೋಳಾನೂ ಬರುತ್ತೆ. ಅದು ಅವರನ್ನ ಬಿಗಿಯಾಗಿ ಹಿಡ್ಕೊಂಡಿದೆಯಲ್ಲ.”

“ಹಿಡಿದುಕೊಂಡದ್ದರಿಂದಲೇ ಸತ್ತ. ಹಿಡಿದುಕೊಂಡದ್ದರಿಂದಲೇ ಬರಬಹುದು.”

“ಬರಬಹುದು. ನೂರು ವರ್ಷದ ತುಕ್ಕು ಸರ್ ಅದು. ಮಧ್ಯದಲ್ಲಿ ತುಂಡಾದ್ರೆ...” ಅಂಗೈಯನ್ನು ಮೇಜಿನ ಅಂಚಿನಿಂದ ಕೆಳಕ್ಕೆ ಜಾರಿಸಿದರು. “ಆಮೇಲೆ ಯಾರಿಗೂ ಸಿಗಲ್ಲ.”

“ಬರುವ ಸಾಧ್ಯತೆ?”

“ಅರ್ಧ. ನಿಮ್ಮನ್ನ ನೋಡಿ ಅರ್ಧ ಅಂತಿದೀನಿ.”

“ನಿಮ್ಮವರಿಗೆ ಅಪಾಯ?”

“ನಮಗೇನು, ಮೇಲೆ ಇರ್ತೀವಿ.”

ಫೆಬ್ರವರಿ 22.

ನಿರ್ದೇಶಕರು ಬೆಚ್ಚಿದರು. “ಗಾಳ ಹಾಕಿ ಎತ್ತೋದಾ ಸರ್? ನಮ್ಮ ಹುಡುಗನ್ನ?”

“ನಿಮ್ಮ ಇನ್ನೊಬ್ಬ ಹುಡುಗನನ್ನು ಕಳಿಸುವುದಕ್ಕಿಂತ ಮೇಲು.”

“ಅವನು ರೆಡಿ ಇದ್ದಾನೆ. ನಿಮ್ಮ ಮನೆಯವರೂ ದಿನಾ ಫೋನ್ ಮಾಡ್ತಿದಾರೆ. ಅವರಿಗೆ ಇದು ಗೊತ್ತಾ?”

“ಇಲ್ಲ.”

“ಹೇಳ್ತೀರಾ?”

ಪ್ರಶ್ನೆಗೆ ಪ್ರಶ್ನೆ ಎಸೆಯುವುದು ನನ್ನ ಕಸುಬು. ಈ ಸಲ ಎದ್ದು ಹೊರಟೆ.

ಫೆಬ್ರವರಿ 24. ಸಂಜೆ.

ನಿರ್ಧರಿಸಿದ್ದೇನೆ. ಯಾರನ್ನೂ ಕೇಳಿಲ್ಲ, ಕೇಳಿದರೆ ಹಂಚಿಕೊಂಡಂತಾಗುತ್ತದೆ, ಇದು ಹಂಚಿಕೊಳ್ಳುವ ಹೊರೆಯಲ್ಲ. ಇವಳು ಹೂಂ ಎಂದು, ಆಮೇಲೆ ಕೇಬಲ್ ತುಂಡಾದರೆ, ಉಳಿದ ಆಯುಷ್ಯವೆಲ್ಲ ಆ ಹೂಂ ಇವಳನ್ನು ತಿನ್ನುತ್ತದೆ. ಊಹೂಂ ಎಂದರೆ, ಕಪ್ಪೆ ಇಳಿಯುತ್ತಾನೆ. ಎರಡೂ ಬೇಡ. ಬೈಯಲು ಅವಳಿಗೆ ನಾನೊಬ್ಬನಿರಲಿ.

ಮಾನವರಹಿತ ಎತ್ತುವಿಕೆಗೆ ಮಾತ್ರ ಒಪ್ಪಿಗೆ ಎಂದು ಸಹಿ ಹಾಕಿ ಕೊಟ್ಟುಬಂದೆ. ಕೇಬಲ್ ಹಡಗು ನಸುಕಿನಲ್ಲೇ ಹೊರಟಿತು. ಕಪ್ಪೆ ಬಂದರಿನ ಧಕ್ಕೆಯ ಮೇಲೆ ನಿಂತಿದ್ದ. “ಇದು ನ್ಯಾಯ ಅಲ್ಲ ಅಂಕಲ್” ಎಂದ. ಅಲ್ಲವೆಂದೆ. ಅಂಗಿಯ ತೋಳಿನಿಂದ ಮೂಗೊರೆಸಿಕೊಂಡು, ವರ್ಕ್‌ಶಾಪಿನ ಕಡೆ ಹೋಗದೆ, ರಸ್ತೆ ಹಿಡಿದು ಮನೆಯ ಕಡೆ ನಡೆದ.

ನನ್ನ ಪಕ್ಷದ ದೌರ್ಬಲ್ಯವನ್ನೂ ದಾಖಲಿಸುತ್ತೇನೆ. ಅರ್ಧ ಎಂಬುದು ಕ್ಯಾಪ್ಟನ್ನರ ದಾಕ್ಷಿಣ್ಯ. ಮಗ ಆ ಕಪ್ಪಿಗೆ ಜಾರಿದರೆ, ಜಾರಿಸಿದ್ದು ನಾನು. ಇವಳಿಗೆ ಕೊನೆಯದಾಗಿ ಮುಟ್ಟಲು ಇದ್ದದ್ದನ್ನು ಇವಳನ್ನು ಕೇಳದೆ ಪಣಕ್ಕಿಟ್ಟವನು ನಾನು. ಇದಕ್ಕೆ ಖಂಡನೆಯಿಲ್ಲ. ಇದ್ದರೂ ಮಂಡಿಸುವುದಿಲ್ಲ.

ಹಡಗು ಈಗ ಆ ಜಾಗ ಮುಟ್ಟಿರಬೇಕು. ಕೊಕ್ಕೆ ಇಳಿಯುತ್ತಿರಬೇಕು.

ಮೆಟ್ಟಿಲ ಮೇಲೆ ಇವಳ ಹೆಜ್ಜೆ. ಬಾಗಿಲಿಗೆ ಬಂದಳು. ಬರೆಯುತ್ತಲೇ ಇದ್ದೇನೆ, ತಲೆ ಎತ್ತುವ ಧೈರ್ಯವಿಲ್ಲ.

“ನಿರ್ದೇಶಕರು ಫೋನ್ ಎತ್ತುತ್ತಾ ಇಲ್ಲ. ಕಪ್ಪೆ ಯಾವತ್ತು ಇಳಿಯೋದು?”

ಹೇಳುತ್ತೇನೆ. ಪೀಠಿಕೆಯಿಲ್ಲದೆ, ಈಗಲೇ. ಕುಳಿತುಕೋ ಎಂದೆ. ಕೂರುತ್ತಿಲ್ಲ. ಕಪ್ಪೆ ಇಳಿಯುವುದಿಲ್ಲ ಎಂದೆ. ನಾನು —