ಕಲ್ಲಿನ ಪಾಠದಲ್ಲಿ ಬಿಟ್ಟ ಧೂಳು

ಅಪ್ಪಾ,

ನಮ್ಮ ಪಠ್ಯ ಸಮಿತಿ ನಾಲ್ಕನೇ ತರಗತಿಗೆ ರೂಪಿಸಿದ 'ನಮ್ಮೂರ ಕಲ್ಲು' ಪಾಠವನ್ನು ಇವತ್ತು ಶಹಾಬಾದಿನ ಶಾಲೆಯೊಂದರಲ್ಲಿ ನಾನೇ ಕಲಿಸಿ ನೋಡಿದೆ. ನಿನ್ನ ಎದೆಯಲ್ಲಿ ತುಂಬಿ ನಿನ್ನನ್ನು ಕೊಂದ ಗಣಿ ಧೂಳಿನ ಬಗ್ಗೆ ನಾನು ಬರೆದಿದ್ದ ಭಾಗ ಅದರಲ್ಲಿ ಇರಲಿಲ್ಲ.

"ಸಣ್ಣ ಮಕ್ಕಳಿಗಿ ಯಾಕ್ ಅಂಜಸ್ತೀರಿ, ಮೇಡಂ? ನಮ್ಮ ಫರ್ಸಿ ಕಲ್ಲು ಎಷ್ಟು ಚಂದ ಅದ, ಅಷ್ಟು ಬರೀರಿ ಸಾಕು" ಎಂದಿದ್ದರು ಸಮಿತಿಯ ಅಧ್ಯಕ್ಷ ಸಿದ್ಧಲಿಂಗ ಸರ್. ನಾನು ತೆಗೆದುಹಾಕಿದೆ.

ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ನಮ್ಮಪ್ಪ ಖಣಿಗಿ ಹೋಗ್ತಾನ್ರಿ. ಭಾಳ ಕೆಮ್ಮಾಕತ್ತಾನ. ಕಲ್ಲಿನ ಧೂಳಿಂದ ಏನ್ರಿ?"

ಹಿಂದಿನ ಬೆಂಚಿನಲ್ಲಿ ಸಿದ್ಧಲಿಂಗ ಸರ್ ಕೂತು ಗಮನಿಸುತ್ತಿದ್ದರು.

"ಅದು ಪಾಠದಾಗ ಇಲ್ಲವ್ವ, ಕುಂದ್ರು" ಅಂದೆ.

ಕೂತಳು.

ನೀನು ಕೆಮ್ಮುತ್ತಿದ್ದಾಗ ನನಗೂ ಅವಳದೇ ವಯಸ್ಸು. ನಮ್ಮ ಪುಸ್ತಕದಲ್ಲೂ ಅದು ಇರಲಿಲ್ಲ.

ನಿನ್ನ ಪೂನಮ್