ಮೊಸರಿನ ಪಕ್ಕದ ಸೀಸೆ

ಬಸವೇಶ್ವರನಗರ, ಬೆಂಗಳೂರು
೧೮ ಅಕ್ಟೋಬರ್ ೨೦೨೪, ಶುಕ್ರವಾರ

ಮುದ್ದಿನ ತನ್ಮಯಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀಯ? ಗುವಾಹಟಿಯ ನೀರು ಒಗ್ಗಿತೇ? ಹೋದ ತಿಂಗಳು ಕೆಮ್ಮುತ್ತಿದ್ದೆ, ಕಷಾಯದ ಪುಡಿ ಮುಗಿದಿದ್ದರೆ ತಿಳಿಸು. ತಾತನ ಮಂಡಿನೋವು ಇದ್ದ ಹಾಗೇ ಇದೆ, ಆದರೂ ದೇವರ ಮನೆಗೆ ಕೋಲಿಲ್ಲದೆ ನಡೆಯುತ್ತೇನೆಂಬ ಹಟ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ಫೋನ್ ಮಾಡಬಹುದಿತ್ತು, ಮಾಡಿದರೆ ನೀನು 'ಅಜ್ಜೀ' ಎಂದು ರಾಗ ಎಳೆಯುತ್ತೀಯ, ನಾನು ಕರಗಿಬಿಡುತ್ತೇನೆ. ಈ ಸಲ ಕರಗುವ ಮನಸ್ಸಿಲ್ಲ, ಅದಕ್ಕೇ ಕಾಗದ.

ನಿನ್ನೆ ಇಲ್ಲಿಯ ಲ್ಯಾಬಿನಲ್ಲಿ ನಿನ್ನ ಜೊತೆ ಸಂಶೋಧನೆ ಮಾಡುವ ಬಿಂದುಶ್ರೀ ಬಂದಿದ್ದಳು. ಒಳ್ಳೆಯ ಹುಡುಗಿ, ಚಪ್ಪಲಿ ಆಚೆ ಬಿಟ್ಟು, ಕಾಲು ತೊಳೆದು ಬಂದಳು. ಕಾಫಿ ಲೋಟ ಕೈಗೆ ಕೊಡುತ್ತಿದ್ದೆ, ಅಷ್ಟರಲ್ಲಿ, "ಅಜ್ಜಿ, ತನ್ಮಯಿ ಕೊಟ್ಟಿದ್ದ ಮೀನಿನ ಕಿವಿರು ಫ್ರಿಜ್‌ನಲ್ಲೇ ಇದೆ ಅಲ್ವಾ?" ಎಂದಳು. ಲೋಟ ಕೊಡದೆ ಅಲ್ಲೇ ಮೇಜಿನ ಮೇಲೆ ಇಟ್ಟೆ. ಜೂನ್‌ನಲ್ಲಿ ಲ್ಯಾಬಿನ ಫ್ರಿಜ್ ಕೆಟ್ಟಿದೆ ಎಂದು ನೀನು ಆ ಗಾಜಿನ ಸೀಸೆ ತಂದೆಯಲ್ಲ, ಒಳಗೆ ನೀರಿನಂಥದ್ದರಲ್ಲಿ ಮುಳುಗಿದ ಬಿಳಿ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು. ಏನೇ ಇದು ಎಂದು ನಾನು ಕೇಳಿದೆ. "ಔಷಧಿ ಬೇರು ಕಣಜ್ಜಿ, ಗಂಟು ಬಿಚ್ಚಬೇಡ ಅಷ್ಟೇ" ಎಂದೆ ನೀನು. ನನ್ನ ಮುಖ ನೋಡಿಕೊಂಡೇ ಎಂದೆ. ನಾನೇ ಮೊಸರಿನ ಪಾತ್ರೆ ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟೆ. ತಾತ ದಿನವೂ ಅಭಿಷೇಕಕ್ಕೆ ಹಾಲು ತೆಗೆದುಕೊಳ್ಳುವುದು ಫ್ರಿಜ್ಜಿನ ಅದೇ ಶೆಲ್ಫಿನಿಂದ. ಅವರಿಗೆ ಇನ್ನೂ ಹೇಳಿಲ್ಲ. ಮದುವೆಯಾದ ಮೇಲೆ ಅವರಿಂದ ಮುಚ್ಚಿಟ್ಟ ದೊಡ್ಡ ಸಂಗತಿ ಇದೊಂದೇ, ಅದೂ ನಿನ್ನ ದೆಸೆಯಿಂದ.

ಪಾಪ, ಆ ಹುಡುಗಿಗೆ ನನಗೆ ಗೊತ್ತಿಲ್ಲ ಎನ್ನುವುದೇ ಗೊತ್ತಿರಲಿಲ್ಲ. ಕಣ್ಣರಳಿಸಿಕೊಂಡು ಹೇಳುತ್ತಲೇ ಹೋದಳು. ಮೀಸೆ ಮೀನಿನ ಕಿವಿರಿನಲ್ಲಿ ಎಳ್ಳಿಗಿಂತ ಸಣ್ಣ ಚಪ್ಪಟೆ ಹುಳು ಇರುತ್ತದಂತೆ, ಕೊಕ್ಕೆ ಹಾಕಿ ನೇತುಬಿದ್ದು ಬದುಕುತ್ತದಂತೆ. "ಒಂದೊಂದು ಜಾತಿ ಮೀನಿಗೂ ಅದರದ್ದೇ ಹುಳು ಅಜ್ಜಿ. ಮೀನು ಎರಡು ಜಾತಿಯಾಗಿ ಒಡೀತು ಅಂದ್ರೆ ಎಷ್ಟೋ ಸಲ ಹುಳೂನೂ ಒಡೆಯುತ್ತೆ. ಲಕ್ಷಾಂತರ ವರ್ಷದಿಂದ ಜೊತೇಲೇ ಬದಲಾಗ್ತಾ ಬಂದಿವೆ." ನೀನು ಈ ಮೀನು ಹಿಡಿದ ಕೆಂಗೇರಿ ಆಚೆಯ ಕೆರೆಯಲ್ಲಿ ಈಗ ಆಫ್ರಿಕಾದ ಕ್ಯಾಟ್‌ಫಿಶ್ ತುಂಬಿಕೊಂಡು ನಮ್ಮ ಮೀಸೆ ಮೀನು ಬಲೆಗೆ ಬೀಳುವುದೇ ನಿಂತಿದೆಯಂತೆ. ಅಲ್ಲಿಯ ಹುಳು ಇನ್ನು ಉಳಿದಿದ್ದರೆ ನಮ್ಮ ಫ್ರಿಜ್ಜಿನಲ್ಲಿ ಮಾತ್ರ, ನಿನ್ನ ಪಿಎಚ್‌ಡಿ ಪೂರ್ತಿ ನಿಂತಿರುವುದು ಅದರ ಮೇಲೆ ಎಂದಳು. "ಸೀಸೇಲಿರೋ ಸ್ಪಿರಿಟ್ ಆರದ ಹಾಗೆ ನೋಡ್ಕೊಳ್ಳಿ ಅಜ್ಜಿ, ಇಲ್ದಿದ್ರೆ ಡಿಎನ್ಎ ಹಾಳಾಗುತ್ತೆ." ದೀಪಾವಳಿ ಕಳೆದ ಮೇಲೆ ಬಂದು ತೆಗೆದುಕೊಂಡು ಹೋಗಮ್ಮ ಎಂದು ಕಳಿಸಿಕೊಟ್ಟೆ.

ಮೈಗೆ ಹುಳು ಹತ್ತಿದರೆ ಮೀನು ಲೋಳೆ ಸುರಿಸಿ ಕೊಡವಿಕೊಳ್ಳಲು ನೋಡುತ್ತದಂತೆ. ಅದಕ್ಕಾದರೂ ಗೊತ್ತಾಗುತ್ತದೆ, ನನಗೆ ನಾಲ್ಕು ತಿಂಗಳು ಗೊತ್ತಾಗಲಿಲ್ಲ. ಮೀನು ಮನೆಗೆ ಬಂದದ್ದಕ್ಕೆ ಅಳುತ್ತಿದ್ದೇನೆ ಎಂದುಕೊಳ್ಳಬೇಡ. ಪ್ರಾಣಿಶಾಸ್ತ್ರ ಓದುತ್ತೇನೆ ಎಂದು ನೀನು ಹಟ ಹಿಡಿದು ಕೂತಾಗ, "ಮೀನು ಕುಯ್ಯೋ ಓದು ನಮ್ಮ ಮನೇಲಿ ಬೇಡ" ಎಂದು ತಾತ ಊಟ ಬಿಟ್ಟು ಎದ್ದರು. ಅವರೊಂದಿಗೆ ಜಗಳವಾಡಿ ನಿನ್ನ ಅರ್ಜಿಗೆ ಸಹಿ ಹಾಕಿಸಿದ್ದು ಯಾರು? ಕೇಳಿದ್ದರೆ ಮಹಡಿಯ ಮೇಲಿನ ಖಾಲಿ ಕೋಣೆಗೆ ಒಂದು ಸಣ್ಣ ಫ್ರಿಜ್ ಹಾಕಿಸಿ ಬೀಗದ ಕೈ ನಿನಗೇ ಕೊಡುತ್ತಿದ್ದೆ. ನೀನು ಕೇಳಲೇ ಇಲ್ಲ. ಜಗತ್ತಿನ ಮುಂದೆ ನಿನ್ನ ಪರ ನಿಂತವಳಿಗೇ ಸುಳ್ಳು ಹೇಳಿದೆಯಲ್ಲೇ, ಅದು ನನ್ನ ಹೊಟ್ಟೆ ಉರಿಸುತ್ತಿದೆ.

ಹೊತ್ತು ಹೊತ್ತಿಗೆ ಉಣ್ಣು. ಕೆರೆ, ಹೊಳೆಗೆ ಒಬ್ಬಳೇ ಇಳಿಯಬೇಡ. ಕೋಪವಿದ್ದರೂ ಹರಸುವುದನ್ನು ನಿಲ್ಲಿಸಲು ನನಗೆ ಬರುವುದಿಲ್ಲ, ಚೆನ್ನಾಗಿರು.

ನಿನ್ನ ಅಜ್ಜಿ,
ಅನಂತಲಕ್ಷ್ಮಿ

ಮ.ವಿ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಬಿಂದುಶ್ರೀಗೆ ಹೇಳಲು ಬಾಯಿ ಬರಲಿಲ್ಲ, ನೀನೇ ಹೇಳು. ನವರಾತ್ರಿಗೆ ಮುಂಚೆ ಫ್ರಿಜ್ ತೊಳೆಯುವಾಗ ಆ ಸೀಸೆಯಿಂದ ಸಾರಾಯಿ ವಾಸನೆ ಬಂತು. ದೇವರ ಹಾಲಿನ ಪಕ್ಕ ಇದೆಂಥದ್ದು ಎಂದು ಪೂರ್ತಿ ಬಚ್ಚಲಿಗೆ ಚೆಲ್ಲಿದೆ. ಬೇರು ಒಣಗಿ ನಿನ್ನ ಓದು ಕೆಟ್ಟೀತು ಎಂದು, ಮಾಗಳಿ ಬೇರಿನ ಉಪ್ಪಿನಕಾಯಿಗೆ ಮಾಡುವ ಹಾಗೆ ಉಪ್ಪುನೀರು ತುಂಬಿ, ನಿಂಬೆಹಣ್ಣು ಹಿಂಡಿ ಮುಚ್ಚಿಟ್ಟೆ. ಗಂಟು ಬಿಚ್ಚಲಿಲ್ಲ, ನೀನು ಬೇಡ ಎಂದಿದ್ದೆ. ಇವತ್ತು ನೋಡಿದರೆ ನೀರೆಲ್ಲ ಬಗ್ಗಡವಾಗಿದೆ. ಮೀನು ಎಂದಿದ್ದರೆ, ಆ ಸೀಸೆಯನ್ನು ನಾನು ಮುಟ್ಟುತ್ತಲೇ ಇರಲಿಲ್ಲ ಕಣೇ.