ಕಬ್ಬಿಣದ ಟೊಪ್ಪಿಯ ಕೆಂಪು ಬೊಟ್ಟು

ನಾವುಂದ
ತಾ. 5-3-1944, ಭಾನುವಾರ

ಪ್ರೀತಿಯ ತಮ್ಮ ಸೀನನಿಗೆ ನಿನ್ನ ಅಕ್ಕ ಗುಣವತಿಯ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ಕೆಮ್ಮು ಎಂದು ಬರೆದವನು ಗುಣವಾಯಿತೋ ಇಲ್ಲವೋ ಬರೆಯಲೇ ಇಲ್ಲ. ಮಿಲ್ಟ್ರಿ ಲಾರಿಗಳಿಗೆ ಬಣ್ಣ ಹೊಡೆಯುವಾಗ ಮೂಗಿಗೆ ವಸ್ತ್ರ ಕಟ್ಟಿಕೊ. ಏಣಿ ಹತ್ತುವುದಿದ್ದರೆ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ. ಬಣ್ಣದ ಕೈಯಲ್ಲಿ ಊಟಕ್ಕೆ ಕೂರಬೇಡ. ಇದೆಲ್ಲ ಹಿಂದೆಯೂ ಬರೆದಿದ್ದೆ, ಆ ಕಾಗದ ನಿನಗೆ ಮುಟ್ಟಿತೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಮತ್ತೆ ಬರೆದೆ. ಇಲ್ಲಿ ಅತ್ತೆ, ಮಾವ ಇದ್ದ ಹಾಗೆ ಇದ್ದಾರೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪು ಕಂಡರೆ ನಗದೆ ನಿಧಾನ ಓದು. ಇದು ಒಮ್ಮೆ ಓದಿ ಇಡುವ ಕಾಗದವಲ್ಲ.

ನಿನ್ನ ಭಾವ ಬರ್ಮಾ ಗಡಿಯಲ್ಲಿ ಕಾಣೆಯಾದರೆಂದು ಸರಕಾರದ ಕಾಗದ ಬಂದದ್ದು ನಿನಗೆ ಗೊತ್ತು. ಅಕ್ಟೋಬರ್ ಹನ್ನೊಂದಕ್ಕೆ ಅವರ ದಳದವರೆಲ್ಲ ಲಾರಿಗಳಲ್ಲಿ ಹೊರಟರು, ಹೋದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ ಎಂದು ಅದರಲ್ಲಿತ್ತು. ಈಗ ಐದು ತಿಂಗಳಾಗುತ್ತಾ ಬಂತು. ಮಾವ ಜೋಯಿಸರಲ್ಲಿ ಕೇಳಿಸಿದರು. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಉತ್ತರಕ್ರಿಯೆಯ ಬೊಜ್ಜ ಮಾಡಿ ಮುಗಿಸಿ ಎಂದು ಅವರು ದಿನ ಕೊಟ್ಟುಬಿಟ್ಟರು. ಮಾವನನ್ನು ನಾನು ದೂರಲಾರೆ. “ನನ್ ಮಗ ನೀರಿಲ್ದೆ ಅಲಿತಾ ಇದ್ರೆ ಎಂತ ಮಾಡುದ್ ಹೆಣ್ಣೇ?” ಎಂದು ಅಂಗಳದಲ್ಲಿ ಕುಳಿತು ಅತ್ತರು. ಬೊಜ್ಜ ಆದ ದಿನ ನನ್ನ ಕುಂಕುಮ ಅಳಿಸುತ್ತಾರೆ. ಅದನ್ನಾದರೂ ಹೇಗೋ ಸಹಿಸಿಯೇನು. ಆಮೇಲೆ ಅವರನ್ನು ಯಾರೂ ಹುಡುಕುವುದಿಲ್ಲ ಸೀನ, ಅದು ನನ್ನಿಂದ ಆಗದು.

ಹೆಮ್ಮಾಡಿಯ ತಿಮ್ಮ ಕಾಲಿಗೆ ಗುಂಡು ತಾಗಿ ಅದೇ ಗಡಿಯ ಪಲ್ಟನ್ನಿನಿಂದ ಊರಿಗೆ ಬಂದಿದ್ದಾನೆಂದು ಕೇಳಿ ಇದ್ದಿಲು ಬಸ್ಸಿನಲ್ಲಿ ಹೋದೆ. ದಾರಿಯಲ್ಲಿ ಬಸ್ಸು ಎರಡು ಸಲ ನಿಂತಿತು. ಅಪಶಕುನವೋ ಏನೋ ಎಂದು ಇಳಿದುಬಿಡಲು ಹೊರಟವಳು ಮತ್ತೆ ಕುಳಿತೆ. ತಿಮ್ಮನ ಹತ್ತಿರ ಒಂದು ಫೋಟೋ ಪಟ ಇತ್ತು. ಅವನು ಆಸ್ಪತ್ರೆಯಲ್ಲಿದ್ದಾಗ ಅವನ ದಳದ ಜೊತೆಗಾರ ಕಳಿಸಿದ್ದು, ಅದರ ಬೆನ್ನಿಗೆ ಹೋದ ದಶಂಬರ ಇಪ್ಪತ್ತರ ತಾರೀಕು ಬರೆದಿದೆ. ಗುಡ್ಡದ ಓರೆಯಲ್ಲಿ ಹನ್ನೆರಡು ಜನ ಕುಳಿತಿದ್ದಾರೆ, ಎಲ್ಲರ ತಲೆಯಲ್ಲೂ ಕಬ್ಬಿಣದ ಟೊಪ್ಪಿ. ಒಂಬತ್ತು ಟೊಪ್ಪಿಗಳ ಮೇಲೆ ಬಿಳಿ ಮೂರು ಮೂಲೆಯ ಗುರುತು, ಅದು ತಿಮ್ಮನ ದಳದ್ದು. ಕಡೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತ ಮೂವರದು ಬೇರೆ. ಒಂದು ದುಂಡು ಬೊಟ್ಟು, ಅದರ ಕೆಳಗೆ ಎರಡು ಬಿಳಿ ಗೀಟು. “ಅದ್ ನಮ್ ಗುರ್ತ್ ಅಲ್ಲ ಅಕ್ಕಾ. ಒಂದೊಂದ್ ದಳಕ್ ಒಂದೊಂದ್ ಗುರ್ತ್, ಲಾರಿಗೂ ಅದೇ ಟೊಪ್ಪಿಗೂ ಅದೇ. ಇವ್ರ್ ಯಾರೋ ನಂಗ್ ಗೊತ್ತಿಲ್ಲೆ” ಎಂದ. ಆ ಬೊಟ್ಟು, ಆ ಗೀಟು ನಾನು ಕೇಳಿ ಬಲ್ಲೆ. ಕಡೆಯ ಸಲ ರಜೆಗೆ ಬಂದಾಗ ನಿನ್ನ ಭಾವ ತಮಾಷೆ ಮಾಡಿದ್ದರು: “ನಿನ್ ಹಣಿ ಬೊಟ್ಟ್ ಕದ್ಕಂಡ್ ಹೋಯಿ ನಮ್ ಟೊಪ್ಪಿಗ್ ಬಳ್ದಿದ್ರ್ ಕಾಣ್, ಕೆಳ್ಗೆ ಎರಡ್ ಬಿಳಿ ಗೀಟ್ ಬೇರೆ.”

ತಿಮ್ಮನನ್ನು ಕಾಡಿ ಬೇಡಿ ಪಟ ತಂದು ಮಾವನಿಗೆ ತೋರಿಸಿದೆ. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿ, “ಇದ್ ಕಪ್ಪಲ್ದಾ? ನಮ್ ಮಾಣಿದ್ ಕೆಂಪ್ ಅಂದದ್ ನೀನೇ” ಎಂದರು. ಹೌದು, ಬೊಟ್ಟು ಕಪ್ಪೇ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಕುಂದಾಪುರಕ್ಕೆ ಹೋಗಿ ಪಟ ತೆಗೆಯುವವರ ಅಂಗಡಿಯಲ್ಲಿ ಕೇಳಿದೆ. ಅವರು ಭೂತಗನ್ನಡಿ ಹಿಡಿದು ನೋಡಿ, ಗೋಡೆಯಿಂದ ಒಂದು ಮದುವೆಯ ಪಟ ಇಳಿಸಿ ಎದುರಿಗಿಟ್ಟರು. “ಎಂತ ಮಾರಾಯ್ತಿ, ಈ ಮದಿಮಗಳ್ ಹಣಿಗ್ ಮಸಿ ಬಳ್ಕಂಡಿತ್ತಾ? ಪಟದೊಳ್ಗೆ ಕೆಂಪ್ ಕಪ್ಪಾತ್ತ್!” ಮನೆಗೆ ಬಂದು ನಮ್ಮ ಮದುವೆಯ ಪಟ ನೋಡಿದೆ. ಆರು ವರ್ಷ ದಿನಾ ಅದರ ಧೂಳು ಒರೆಸಿದವಳು ನಾನು. ನನ್ನ ಹಣೆಯ ಕುಂಕುಮ ಅದರಲ್ಲಿ ಕಾಡಿಗೆಯಷ್ಟು ಕಪ್ಪಗಿರುವುದು ಅಂದಿನವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದನ್ನೂ ಮಾವನಿಗೆ ತೋರಿಸಿದೆ. ಎರಡೂ ಪಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ, “ನಿಜವಾದ ಕಪ್ಪೂ ಆಪ್ಕ್ ಸಾಕ್ ಅಲ್ದಾ?” ಎಂದರು. ಅದು ಸುಳ್ಳಲ್ಲ, ಕಪ್ಪು ಬಣ್ಣವೂ ಪಟದಲ್ಲಿ ಕಪ್ಪಾಗಿಯೇ ಬರುತ್ತದೆ ಎಂದು ಅಂಗಡಿಯವರೂ ಹೇಳಿದ್ದರು. ತಿಮ್ಮನ ಜೊತೆಗಾರನಿಗೆ ಬರೆಸಿದ್ದೇವೆ, ಉತ್ತರ ಬರುವಷ್ಟರಲ್ಲಿ ಇಪ್ಪತ್ತನಾಲ್ಕು ದಾಟುತ್ತದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ದಿನಾ ಲಾರಿಗಳ ಮೇಲೆ ಗುರುತು ಬಿಡಿಸುವವನು ನೀನು. ಎಣ್ಣೆ ಸವರಿದ ಕಾಗದ ಇಟ್ಟು ಆ ಗುರುತನ್ನು ಇದ್ದ ಹಾಗೇ ತಿದ್ದಿ ಇದರೊಳಗೆ ಇಟ್ಟಿದ್ದೇನೆ. ಬಣ್ಣಕ್ಕೆಂದು ಈ ಕಾಗದದ ಮೂಲೆಯಲ್ಲಿ ನನ್ನ ಹಣೆಯ ಕುಂಕುಮ ಒತ್ತಿದ್ದೇನೆ, ಬೆವರು ಕೈಯಲ್ಲಿ ಮುಟ್ಟಬೇಡ. ಎರಡು ಬಿಳಿ ಗೀಟಿನ ಮೇಲೆ ಕಪ್ಪು ಬೊಟ್ಟು ಇರುವ ದಳ ಯಾವುದಾದರೂ ಇದೆಯೇ? ಅಲ್ಲಿನ ಹಳಬರನ್ನು ಕೇಳು, ಲಾರಿ ತರುವ ಡ್ರೈವರುಗಳನ್ನೂ ಕೇಳು. ಕೆಂಪು ಮಾತ್ರ ಇರುವುದಾದರೆ ಆ ಮೂವರು ನಿನ್ನ ಭಾವನ ದಳದವರು. ಅವರಲ್ಲಿ ನಿನ್ನ ಭಾವ ಇದ್ದಾರೆಂದು ನಾನು ಹೇಳುವುದಿಲ್ಲ. ಟೊಪ್ಪಿಯ ನೆರಳಿನಲ್ಲಿ ಗಲ್ಲ ಮಾತ್ರ ಕಾಣುತ್ತದೆ, ಕಣ್ಣು ಉರಿಯುವ ತನಕ ನೋಡಿದೆ, ತಿಳಿಯಲಿಲ್ಲ. ಆದರೆ ಒಬ್ಬರೂ ಬರಲಿಲ್ಲ ಎಂದ ದಳದವರು ಮೂರು ಜನ ದಶಂಬರದಲ್ಲಿ ಬದುಕಿ ಕುಳಿತಿದ್ದರು ಎಂದಾಗುತ್ತದೆ. ಆ ಮೂವರನ್ನು ಹುಡುಕಿ ಕೇಳಬಹುದು. ಮಾವ ಕೃಷ್ಣಯ್ಯನವರ ಹೆಸರಿಗೇ ಉತ್ತರ ಬರೆ, ನಾನು ಹೇಳಿದರೆ ಹೆಂಗಸಿನ ಹಟ ಎನ್ನುತ್ತಾರೆ.

ಬಿಸಿಲಲ್ಲಿ ತಿರುಗಬೇಡ, ರಾತ್ರಿ ಮಜ್ಜಿಗೆ ಕುಡಿಯಬೇಡ. ಅತ್ತೆ ನಿನಗೆ ಒಳ್ಳೆಯದಾಗಲಿ ಎಂದಿದ್ದಾರೆ. ನಮ್ಮನ್ನು ಕಾಯುವ ದೇವರು ನಿನ್ನ ಏಣಿಯನ್ನೂ ಹಿಡಿದುಕೊಳ್ಳಲಿ.

ನಿನ್ನ ಅಕ್ಕ,
ಗುಣವತಿ

ತಾ.ಕ. ಟಪಾಲಿನವ ಬಂದ, ಬೇಗ ಬರೆಯುತ್ತೇನೆ. ಬೊಜ್ಜಕ್ಕೆ ತೌರಿನ ಸೀರೆ ತೆಗೆದುಕೊಂಡು ಬಾ ಎಂದು ಮಾವ ನಿನಗೆ ಬೇರೆ ಕಾಗದ ಹಾಕಿದ್ದಾರಂತೆ. ಅಪ್ಪ ಅಮ್ಮ ಇಲ್ಲದ ಮೇಲೆ ತೌರೆಂದರೆ ನೀನೊಬ್ಬನೇ, ಆ ಸೀರೆ ನನಗೆ ಉಡಿಸದೆ ಇಲ್ಲಿ ಬೊಜ್ಜ ಮುಗಿಯದು. ನೀನು ಸೀರೆ ತರಬೇಡ. ಬೈದು ಬರೆದರೂ ತರಬೇಡ. ಗುರುತು ಕಪ್ಪೇ ಎಂದು ಗೊತ್ತಾದರೂ ತರಬೇಡ, ನನಗೆ ತಿಳಿಸು. ನಾನು ಇನ್ನೊಂದು ಪಟ ಹುಡುಕುತ್ತೇನೆ.